ಮೇಷ್ಟ್ರಿಗೆ ಮಾರ್ಕು

ಗುಜರಾತಿನ ಫತೇಗಂಜಿನ ಬಸ್‌ಸ್ಟಾಪಿನಲ್ಲಿ ಬೆನ್ನ ಹಿಂದೆ ಮಂಗಳೂರು ಕಡೆಯ ಕನ್ನಡ ಕೇಳಿಸಿದ್ದೇ ತಡ, ಬ್ಯಾಂಕ್ ಮ್ಯಾನೇಜರರ ಹೆಂಡತಿ ನಳಿನಿಯ ಕಿವಿ ನೆಟ್ಟಗಾಯಿತು. ತಿರುಗಿ ಮಾತಾಡಿಸಿದರೆ ಮಾತು ನಿಂತೀತೆಂದು ಗುಜರಾತಿನವಳಂತೆ ಸುಮ್ಮನೆ ನಿಂತಳು.

"ಅಮೆರಿಕದ ಮೇಷ್ಟ್ರ ಕೆಲಸ ಬಿಟ್ಟದ್ದು ಚಳಿಗೆ ಅಂತ ಅಪ್ಪನಿಗೆ ಹೇಳಿದೆಯಲ್ಲ ರಘು, ಅಷ್ಟು ಚಳಿಯಾ?"

"ವಿಪರೀತ ಅಕ್ಕ. ಮತ್ತೆ ಅದು ಕಾಲೇಜೂ ಅಲ್ಲ, ಸಂತೆ. ಯುದ್ಧದ ಗಲಾಟೆ ಮುಗಿದ ಮೇಲೂ ಆ ಕತ್ತೆಗಳು ಬರಿಗಾಲಲ್ಲಿ, ನಾಯಿ ಹಿಡ್ಕೊಂಡು ಕ್ಲಾಸಿಗೆ ಬರ್ತಾವೆ."

"ಅಲ್ಲಿ ಚಪ್ಪಲಿಗೂ ಬರವಾ?"

"ಬರ ಅಲ್ಲ, ಪೊಗರು. ಯುದ್ಧ ಬೇಡ ಅಂತ ಪ್ರಿನ್ಸಿಪಾಲರ ಕುರ್ಚಿಯಲ್ಲೇ ಕೂತು ಸಿಗರೇಟ್ ಎಳೆದ ಪೈಕಿಯವು."

"ಇಲ್ಲಿಯವು ಮೆಸ್ಸಿನ ಊಟ ದುಬಾರಿ ಆಯ್ತು ಅಂತ ಸರ್ಕಾರವನ್ನೇ ಇಳಿಸಿದವು. ಆ ಗಲಾಟೆಯಲ್ಲಿ ಬಸ್ಸಿಲ್ಲದೆ ನಡೆದು ನಡೆದು ನನ್ನ ಕಾಲು ಬಿದ್ದುಹೋಯ್ತು."

"ಇಲ್ಲಿಯವು ಮೇಷ್ಟ್ರನ್ನು ಕಂಡರೆ ಎದ್ದಾದರೂ ನಿಲ್ತಾವೆ. ಅಲ್ಲಿ ಹುಡುಗರ ಬಾಯಿ ಮುಚ್ಚಿಸಲಿಕ್ಕೆ ಕಾಲೇಜಿನವರು ಎಂತ ಮಾಡಿದ್ದಾರೆ ಗೊತ್ತುಂಟಾ? ವರ್ಷದ ಕೊನೆಗೆ ಮಕ್ಕಳೇ ಮೇಷ್ಟ್ರಿಗೆ ಮಾರ್ಕ್ ಹಾಕುವುದು!"

"ಮೇಷ್ಟ್ರಿಗೆ?"

"ಹೌದು! ಪಾಠ ಅರ್ಥ ಆಗ್ತದಾ, ಪ್ರಶ್ನೆ ಕೇಳಿದರೆ ಸಿಡುಕ್ತಾನಾ, ಎಲ್ಲದಕ್ಕೂ. ಅದನ್ನು ನೋಡಿ ಮೇಷ್ಟ್ರನ್ನು ಇಟ್ಕೊಳ್ಳುವುದು, ಬಿಡುವುದು. ಥೂ!"

ಬಸ್ಸು ಬಂತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟವಳು, ಅಲ್ಲಿಯೇ ತಿರುಗಿದಳು.

"ನಿನಗೆ ನೂರಕ್ಕೆ ಎಷ್ಟು ಬಿತ್ತು?"

"ಹತ್ತು ಅಕ್ಕ, ಬಸ್ಸು ಬಿಡ್ತಾನೆ."

"ಹಾಗಾದರೆ ಚಳಿ ಜೋರೇ ಇದ್ದಿರಬೇಕು ಮಾರಾಯ," ಎಂದು ಅಕ್ಕ ಒಳಗೆ ಹೋದಳು. ಬಸ್ಸು ಹೊರಟಿತು. ಅದು ನಳಿನಿಯ ಬಸ್ಸೂ ಆಗಿತ್ತು.