ಒಂದೇ ಕಾಲುವೆಯವರು

ಹೊಸಪೇಟೆ ಬಸ್ಸಿನಲ್ಲಿ ಬಾಳೆಹಣ್ಣಿನ ಬುಟ್ಟಿ ಹಿಡಿದು ಕೂತಿದ್ದ ಹೊಳೆಮ್ಮನಿಗೆ ಮುಂದಿನ ಸೀಟಿನ ಮಾತು ಬೇಡವೆಂದರೂ ಕೇಳಿಸುತ್ತಿತ್ತು.

“ಕೋರ್ಟಿಗೇನು, ಗಾದಿಲಿಂಗಪ್ಪ?” ಎಂದರು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು.

“ಹೂಂ ಸರ. ಕಾಲುವಿ ಬಂದಾಗಿಂದ ನೀರಿಂದ ಜಗಳ. ಕೆಳಗಿನ ಹೊಲದಾತನ ಮ್ಯಾಲ ಕೇಸು.”

“ಅಂದ್ರ ನಿನ್ನ ರೈವಲ್. ವೈರಿ.”

“ಹೌದ್ರಿ, ವೈರೀನ!”

“ರೈವಲ್ ಅನ್ನೋ ಮಾತಿನ ಮೂಲ ಲ್ಯಾಟಿನ್. ಅಲ್ಲಿ ರಿವಾಲಿಸ್ ಅಂದ್ರ ಒಂದೇ ಕಾಲುವಿ ನೀರು ಹಂಚಿಕೊಳ್ಳೋರು. ಮುಂದ ಅದ ಮಾತಿಗೆ ವೈರಿ ಅನ್ನೋ ಅರ್ಥ ಬಂತು, ಫ್ರೆಂಚಿನಿಂದ ಇಂಗ್ಲಿಷಿಗೂ ಹೋತು.”

ಗಾದಿಲಿಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ದನಿ ಇಳಿಸಿದ.

“ಮೆಲ್ಲಕ ಮಾತಾಡ್ರಿ ಸರ. ಕೊನೀ ಸೀಟಿನ್ಯಾಗ ಅದಾನ.”

“ಯಾರು, ವೈರಿ?”

“ನನ್ನ ತಮ್ಮ.”

ಕೋರ್ಟಿನ ಮುಂದೆ ಗಾದಿಲಿಂಗಪ್ಪ ತಲೆ ತಗ್ಗಿಸಿ ಇಳಿದ. ಹಿಂದಿನಿಂದ ಅದೇ ಮೂಗು, ಅದೇ ನಡಿಗೆಯ ಇನ್ನೊಬ್ಬ ಇಳಿದಾಗ, ಹೊಳೆಮ್ಮ ತಾನೇ ತಪ್ಪು ಮಾಡಿದವಳಂತೆ ಮುಖ ತಿರುಗಿಸಿದಳು.