ಗಾಳಿಯಲ್ಲಿ ನಿಂತ ಕಾಗದ

ನನ್ನ ದೊಡ್ಡಮ್ಮನ ಮಗಳು ಕೆಲಸ ಮುಗಿಸಿ ಮನೆಗೆ ಬರೋ ದಾರೀಲಿ ಒಂದು ಹಾಳು ಬಾವಿ ಇದೆ. ಕತ್ತಲಾದ ಮೇಲೆ ಆ ಪಕ್ಕ ಯಾರೂ ಹಾಯೋದಿಲ್ಲ, ಸುತ್ತು ಹಾಕಿಕೊಂಡಾದರೂ ಬೇರೆ ಬೀದೀಲಿ ಹೋಗ್ತಾರೆ. ಆವತ್ತು ರಾತ್ರಿ ಅಕ್ಕ ಆ ಬಾವಿಕಟ್ಟೆ ಮೇಲೇ ಕೂತಿದ್ದಳು. ಬೆನ್ನು ಬಾವಿಯ ಕಡೆ... ಮುಖ ಕಾರ್ಖಾನೆಯ ಕಡೆ. ಹಿಂದೆ ಬಾವಿಯೊಳಗೆ ಏನಿದ್ದರೂ ಇರಲಿ, ಕಾರ್ಖಾನೆ ಬಾಗಿಲಿಗೆ ಮಾತ್ರ ಬೆನ್ನು ಕೊಡಲಾರೆ ಅನ್ನಿಸಿತ್ತಂತೆ.

ಏನಾಯಿತು ಅಂತ ಹೇಳ್ತೀನಿ. ಆ ದೀಪ ಮಾತ್ರ ಆರಿಸಬೇಡಿ, ಇರಲಿ.

ಅಕ್ಕ ಸುಮ್ಮಸುಮ್ಮನೆ ಹೆದರೋ ಪೈಕಿ ಅಲ್ಲ. ಚಿಕ್ಕಂದಿನಲ್ಲಿ ಬಚ್ಚಲಿಗೆ ಹಾವು ಬಂದಾಗ ಮನೆಮಂದಿಯೆಲ್ಲ ಮಂಚ ಹತ್ತಿದ್ದರೆ, ಇವಳು ಪೊರಕೆ ಪಕ್ಕದಲ್ಲಿಟ್ಟು ಅದರ ಉದ್ದ ನೋಡ್ತಾ ನಿಂತಿದ್ದಳು ಅಂತ ದೊಡ್ಡಮ್ಮ ಈಗಲೂ ಬೈತಾರೆ. ಅಳತೆ ಅಂದರೆ ಅಷ್ಟು ಹುಚ್ಚು. ಕೊನೆಗೆ ಆ ಹುಚ್ಚೇ ಅನ್ನ ಕೊಟ್ಟಿತು. ಸಿಎನ್‌ಸಿ ಮೆಷಿನ್ ಕೆಲಸಕ್ಕೆ ಸೇರಿದಳು. ಉಕ್ಕಿನ ದಿಮ್ಮಿಯನ್ನ ಮೇಜಿನ ಮೇಲೆ ಬಿಗಿದು, ಕೊರೆಯೋ ಟೂಲು ಎಲ್ಲಿಂದ ಹೊರಡಬೇಕು, ಎಲ್ಲಿ ಇಳೀಬೇಕು, ಎಲ್ಲಿ ಏಳಬೇಕು ಅಂತ ಅದಕ್ಕೆ ದಾರಿ ಬರೆದುಕೊಡೋದು. ಬರೆದದ್ದನ್ನ ಮೆಷಿನ್ ಕಣ್ಣು ಮುಚ್ಚಿಕೊಂಡು ಮಾಡುತ್ತೆ. ತಪ್ಪು ಬರೆದರೆ ಆ ತಪ್ಪನ್ನೂ ಹಾಗೇ ಮಾಡುತ್ತೆ.

ಅವಳಿಗೆ ಕೊಟ್ಟಿದ್ದು ಹಳೇ ಮೆಷಿನ್ನು. ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯಿಂದ ಯಜಮಾನರು ಎತ್ತಿಸಿಕೊಂಡು ಬಂದಿದ್ದರು. ಹಗಲು ಪಾಳಿಯಲ್ಲಿ ಅದನ್ನ ನಡೆಸುತ್ತಿದ್ದವನನ್ನ ಎಲ್ಲರೂ ಮೈಕ್ರಾನ್ ಅಂತ ಕರೀತಿದ್ದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಊಟ ಸೇರದ ಮನುಷ್ಯ. ಕೆಲಸ ಕಲಿಸಿದ್ದೂ ಅವನೇ. "ಟೂಲನ್ನ ನೆಟ್ಟಗೆ ಉಕ್ಕಿಗೆ ಚುಚ್ಚಬೇಡ, ಇಳಿಜಾರಲ್ಲಿ ನಿಧಾನಕ್ಕೆ ಇಳಿಸು. ಹೊಸ ಪ್ರೋಗ್ರಾಂ ಆದ್ರೆ ಮೊದಲು ಗಾಳೀಲಿ ಓಡಿಸು. ಹೆಬ್ಬೆರಳು ನಿಲ್ಲಿಸೋ ಗುಂಡಿ ಮೇಲಿರಲಿ. ಸದ್ದು ಬದಲಾದ್ರೆ ಮೊದಲು ನಿಲ್ಲಿಸು... ಯೋಚನೆ ಆಮೇಲೆ."

ಇಷ್ಟು ಅಚ್ಚುಕಟ್ಟಿನವನು ಬರೆದ ಪ್ರೋಗ್ರಾಮುಗಳಲ್ಲಿ ಒಂದು ವಿಚಿತ್ರ ಇತ್ತು. ಟೂಲು ಮೇಜಿನ ಎಡಮೂಲೆ ದಾಟುವಾಗಲೆಲ್ಲ ವಿನಾಕಾರಣ ಮೇಲಕ್ಕೇರುತ್ತಿತ್ತು. ದಾಟಿ, ಮತ್ತೆ ಇಳಿಯುತ್ತಿತ್ತು. ಅಲ್ಲಿ ತಗಲೋಕೆ ಒಂದು ಬೋಲ್ಟೂ ಇಲ್ಲ. ಬರೀ ಗಾಳಿ. ಅಕ್ಕ ಒಮ್ಮೆ ಕೇಳಿಯೂ ಇದ್ದಳು. "ಅಭ್ಯಾಸ" ಅಂದು ಅವನು ಕೈ ಒರೆಸಿಕೊಂಡು ಹೊರಟುಬಿಟ್ಟ.

ಆವತ್ತು ಬೆಳಿಗ್ಗೆ ಬರೋ ವ್ಯಾನಿಗೆ ರಾಶಿ ಕೆಲಸ ಮುಗಿಸಿ ಕೊಡಬೇಕಿತ್ತು. ಅಕ್ಕನ ಜೊತೆಯವರು ಪಾಳಿ ಮುಗಿಸಿ ಹೋಗಿದ್ದರು, ಶೆಡ್ಡಿನಲ್ಲಿ ಅವಳೊಬ್ಬಳೇ. ಪ್ರತಿ ತುಂಡಿಗೂ ಆ ಏರಿಳಿತದಲ್ಲಿ ಹೊತ್ತು ಹಾಳು ಅನ್ನಿಸಿತು. ಅದನ್ನ ತೆಗೆದುಹಾಕಿದಳು. ಟೂಲು ಈಗ ಎಡಮೂಲೆಯನ್ನ ನೇರವಾಗಿ, ತಗ್ಗಿನಲ್ಲೇ ದಾಟುತ್ತೆ.

ಬದಲಾಯಿಸಿದ ಪ್ರೋಗ್ರಾಂ ಅಲ್ಲವೇ... ಮೊದಲು ಗಾಳೀಲಿ ಓಡಿಸಿದಳು. ಅಂದರೆ ಉಕ್ಕಿಗಿಂತ ಒಂದು ಗೇಣು ಮೇಲೆ, ಏನನ್ನೂ ಮುಟ್ಟದ ಹಾಗೆ.

ಮೆಷಿನ್ನಿನ ಗಾಜಿನ ಬಾಗಿಲು ಎಳೆದಳು. ಖಟ್ ಅಂತ ಬೀಗ ಬಿತ್ತು. ಟೂಲು ತಿರುಗೋಕೆ ಶುರುವಾಯಿತು. ಹೂಂಂಂ... ಅದೊಂದೇ ಸದ್ದು. ಬಲಗಡೆ ಹೋಯಿತು, ಹಿಂದೆ ಹೋಯಿತು, ಎಡಮೂಲೆಗೆ ಬಂತು.

ಪಚ್.

ಆಮೇಲೆ ಕರಕ್... ಕರಕ್... ಕರಕ್.

ಅಕ್ಕ ಗುಂಡಿ ಒತ್ತಿದಳು. ಎಲ್ಲ ನಿಂತಿತು. ಗಾಜಿಗೆ ಹಣೆ ಹಚ್ಚಿ ನೋಡಿದಳು. ಟೂಲು ಗಾಳಿಯಲ್ಲಿತ್ತು. ಕೆಳಗೆ ಉಕ್ಕು, ನಡುವೆ ಒಂದು ಗೇಣು ಬಯಲು. ಬೇರಿಂಗ್ ಹೋಗಿರಬೇಕು ಅಂದುಕೊಂಡಳು. ಆದರೆ ಬೇರಿಂಗ್ ಹೋದರೆ ಎಲ್ಲ ಕಡೆಯೂ ಕಿರುಗುಟ್ಟಬೇಕು, ಒಂದೇ ಮೂಲೆಯಲ್ಲಿ ಅಲ್ಲ.

ಇನ್ನೊಮ್ಮೆ ಓಡಿಸಿದಳು. ಈ ಸಲ ವೇಗ ತೀರಾ ಇಳಿಸಿ.

ಸದ್ದೂ ನಿಧಾನವಾಯಿತು. ಪ...ಚ್. ಆಮೇಲೆ ಕ...ರ...ಕ್. ಒದ್ದೆ ಬಟ್ಟೆಯೊಳಗೆ ಸುತ್ತಿಟ್ಟ ಕಡ್ಡಿ ಮುರಿದ ಹಾಗೆ. ಪರದೆಯಲ್ಲಿ ಟೂಲಿನ ಮೇಲೆ ಎಷ್ಟು ಭಾರ ಬೀಳ್ತಿದೆ ಅಂತ ತೋರಿಸೋ ಪಟ್ಟಿಯೊಂದು ಇರುತ್ತೆ. ಗಾಳಿಯಲ್ಲಿ ಅದು ಮಲಗಿರಬೇಕು. ಅದು ಎದ್ದಿತು... ಇಳಿಯಿತು... ಎದ್ದಿತು. ಟೂಲು ಏನನ್ನೋ ಕೊಯ್ಯುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ನಮ್ಮಕ್ಕನಿಗೆ ಅಳತೆಯ ಹುಚ್ಚು ಅಂದೆನಲ್ಲ. ತಿರುಗೋದನ್ನ ಪೂರ್ತಿ ನಿಲ್ಲಿಸಿ, ಬಾಗಿಲು ತೆರೆದು, ತೆಳು ಕಾಗದದ ಒಂದು ಪಟ್ಟಿ ಹರಿದುಕೊಂಡಳು.

ಅದೊಂದು ಹಳೇ ಉಪಾಯ. ಟೂಲಿನ ತುದಿ ಎಲ್ಲಿ ಮುಟ್ಟುತ್ತೆ ಅಂತ ತಿಳೀಬೇಕಾದರೆ ಕೆಳಗೆ ಕಾಗದ ಆಡಿಸ್ತಾ, ಕೈಚಕ್ರದಿಂದ ಟೂಲನ್ನ ಒಂದೊಂದೇ ಕೂದಲೆಳೆ ಇಳಿಸ್ತಾ ಬರಬೇಕು. ಕಾಗದ ಬಿಗಿದ ತಕ್ಷಣ ನಿಲ್ಲಿಸಬೇಕು.

ಟಿಕ್... ಟಿಕ್... ಟಿಕ್... ಕಾಗದ ಸಲೀಸಾಗಿ ಆಡುತ್ತಿತ್ತು. ಟಿಕ್...

ಬಿಗಿಯಿತು.

ಕೆಳಗೆ ಏನೂ ಇರಲಿಲ್ಲ. ಎಡಗೈಯನ್ನ ಅಲ್ಲಿ ಆಡಿಸಿದಳು, ಗಾಳಿ. ಕಾಗದಕ್ಕೆ ಮಾತ್ರ ಅದು ಸಿಗುತ್ತಿತ್ತು. ಬಿಗಿದ ಜಾಗದ ಕೆಳಗೆ ನೇರವಾಗಿ ಉಕ್ಕಿನ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟಳು. ಪಕ್ಕಕ್ಕೆ ಸರಿಸಿ ಮತ್ತೆ ಹುಡುಕಿದಳು. ಇನ್ನೊಂದು ಚುಕ್ಕೆ. ಕೆಲವು ಕಡೆ ಕಾಗದ ಬಿಗಿಯುತ್ತಿತ್ತು, ನಡುನಡುವೆ ಸಡಿಲ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಚುಕ್ಕೆಗಳು ತುಂಬಿದ ಮೇಲೆ ಹಿಂದೆ ಸರಿದು ನೋಡಿದಳು.

ಅಂಗೈ. ಹರಡಿದ ಐದು ಬೆರಳು. ಬೆರಳುಗಳ ತುದಿ ಬಾಗಿಲ ಕಡೆಗೆ... ಅವಳ ಕಡೆಗೆ. ಒಳಗಿಂದ ಯಾರೋ ಹೊರಕ್ಕೆ ಕೈ ಚಾಚಿದ ಹಾಗೆ.

ಕಾಗದ ಇನ್ನೂ ಅಲ್ಲೇ ಬಿಗಿದಿತ್ತು. ಎಳೆದಳು, ಬರಲಿಲ್ಲ. ಟೂಲು ಒತ್ತಿರಬೇಕು ಅಂತ ಚಕ್ರ ತಿರುಗಿಸಿ ಟೂಲನ್ನ ಮೇಲಕ್ಕೆತ್ತಿದಳು. ಟೂಲು ಮೇಲೆ ಹೋಯಿತು. ಅವಳು ಕಾಗದ ಬಿಟ್ಟಳು.

ಕಾಗದ ಬೀಳಲಿಲ್ಲ.

ನಿಂತೇ ಇತ್ತು. ಆಮೇಲೆ ಅದರ ಅಂಚು ಮೆಲ್ಲಗೆ ಸುಕ್ಕಾಯಿತು. ಬೆರಳು ಮಡಚಿದರೆ ಆಗುತ್ತಲ್ಲ... ಹಾಗೆ. ಸರ್... ಅಂತ ಸಣ್ಣ ಸದ್ದು.

ಬಾಗಿಲು ಹೇಗೆ ಎಳೆದಳೋ, ಶೆಡ್ಡಿನ ಹೊರಗೆ ಹೇಗೆ ಬಂದಳೋ ಅವಳಿಗೆ ನೆನಪಿಲ್ಲ. ನಲ್ಲಿಯ ಹತ್ತಿರ ನಿಂತು ಮೈಕ್ರಾನ್‌ಗೆ ಫೋನ್ ಮಾಡಿದಳು. ನಿದ್ದೆಗಣ್ಣಲ್ಲಿ ಎತ್ತಿದ.

"ಆ ಎಡಮೂಲೆದು... ತೆಗೆದುಬಿಟ್ಟೆ" ಅಂದಳು, ಪಿಸುದನಿಯಲ್ಲಿ.

ಆ ಕಡೆ ಮಂಚ ಕಿರುಗುಟ್ಟಿತು, ಎದ್ದು ಕೂತಿರಬೇಕು.

"ಸದ್ದು ಬಂತಾ?"

"ಹೂಂ. ಏನಣ್ಣ ಅದು?"

"ಗೊತ್ತಿಲ್ಲ. ಒಂದೇ ಸಲ ಕೇಳಿದ್ದೆ. ಅವತ್ತಿಂದ ಮೇಲೆತ್ತಿಕೊಂಡೇ ದಾಟಿಸ್ತೀನಿ. ಅಲ್ಲೇನಿದೆ ಅಂತ ನಾನು ನೋಡೋಕೆ ಹೋಗಿಲ್ಲ. ನೀನು ನೋಡಿದ್ಯಾ?"

ಅಕ್ಕ ಶೆಡ್ಡಿನ ಬಾಗಿಲ ಕಡೆ ತಿರುಗಿ ನೋಡಿದಳು.

"ನೋಡಿದ್ರೆ ನನಗೆ ಹೇಳಬೇಡ" ಅಂದ. "ಆದರೆ ಹಾಗೇ ಬಿಟ್ಟು ಹೋಗಬೇಡ ತಾಯಿ. ಕೆಲಸ ಮುಗಿದಿಲ್ಲ ಅಂದ್ರೆ ಬೆಳಿಗ್ಗೆ ನಾನು ಬರೋ ಮುಂಚೆ ಯಜಮಾನ್ರೇ ಬಂದು ಓಡಿಸ್ತಾರೆ. ಅವರು ನಿಧಾನಕ್ಕೆ ಓಡಿಸೋರಲ್ಲ. ಆ ವೇಗದಲ್ಲಿ ಟೂಲು ಮುರಿದು ಗಾಜು ಒಡೆದು ಬಂದ್ರೆ ನೇರ ಮುಖಕ್ಕೆ."

ಅದೂ ನಿಜವೇ. ಆದರೆ ನಲ್ಲಿಯ ಹತ್ತಿರ ನಿಂತಿದ್ದ ಅಕ್ಕನ ತಲೇಲಿ ಓಡುತ್ತಿದ್ದದ್ದು ಬೇರೆ. ರಾಶಿ ತುಂಡುಗಳಿವೆ. ಒಂದೊಂದಕ್ಕೂ ಒಂದೊಂದು ಸಲ ಆ ಸದ್ದು... ತಾನು ಬರೆದ ದಾರಿಯಲ್ಲೇ. ಈಗಾಗಲೇ ಎರಡು ಸಲ ಆಗಿದೆ. ಎರಡನೇ ಸಲ ತಾನೇ ಬೇಕಂತ ನಿಧಾನ ಮಾಡಿದ್ದಳು.

ಒಳಗೆ ಹೋದಳು. ಗಾಜಿನ ಕಡೆ ನೋಡದೆ ಪರದೆಯ ಮುಂದೆ ನಿಂತು, ತೆಗೆದದ್ದನ್ನೆಲ್ಲ ವಾಪಸು ಬರೆದಳು. ಏರು... ದಾಟು... ಇಳಿ. ಎರಡು ಕಡೆ ತಪ್ಪಾಯಿತು, ತಿದ್ದಿದಳು. ಆಮೇಲೆ ಮೆಷಿನ್ ಓಡಲು ಬಿಟ್ಟಳು. ಹೂಂಂಂ... ಟೂಲು ಎಡಮೂಲೆಗೆ ಬಂತು, ಮೇಲಕ್ಕೆದ್ದಿತು, ದಾಟಿತು. ಸದ್ದಿಲ್ಲ. ಕೊನೆಯ ತುಂಡು ಮುಗಿಯೋವರೆಗೂ ಅಲ್ಲೇ ನಿಂತು ಕಿವಿಗೊಟ್ಟು ಕೇಳಿದಳು. ಮುಗಿಸಿ ಹೊರಗೆ ಬಂದವಳೇ ಓಡಿದಳು. ಕೂತದ್ದು ಆ ಬಾವಿಕಟ್ಟೆ ಮೇಲೆ. ಮನೆ ಬಾಗಿಲು ತೆಗೆದ ದೊಡ್ಡಮ್ಮ ಮಗಳ ಮುಖ ನೋಡಿ ಮೊದಲು ನೀರು ಕೊಟ್ಟರಂತೆ.

ಕೆಲಸ ಬಿಡಲಿಲ್ಲ ಅವಳು. ಮೈಕ್ರಾನ್ ಜೊತೆ ಆ ಮಾತು ಮತ್ತೆ ಎತ್ತಲೂ ಇಲ್ಲ. ಇಬ್ಬರೂ ಏರಿಸಿ ದಾಟಿಸುತ್ತಿದ್ದರು, ಅಷ್ಟೇ.

ಹೀಗೇ ಬಹಳ ದಿನ ಕಳೆದ ಮೇಲೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕಾರ್ಖಾನೆಗೆ ಬೀಗ ಬಿತ್ತು. ಕರೆಂಟ್ ಬಂದ ದಿನ ಶೆಡ್ಡು ತೆರೆದದ್ದು ಅಕ್ಕ ಮತ್ತು ಮೈಕ್ರಾನ್. ಹಳೇ ಮೆಷಿನ್ನಿನ ಬಾಗಿಲು ತೆರೆದಿತ್ತು. ಪೂರ್ತಿಯಲ್ಲ... ಒಬ್ಬ ಮನುಷ್ಯ ಅಡ್ಡಲಾಗಿ ನುಸುಳೋಷ್ಟು. ಕರೆಂಟ್ ಇಲ್ಲದೆ ಆ ಬಾಗಿಲ ಬೀಗ ಬಿಡೋದೇ ಇಲ್ಲ. ಅಕ್ಕ ಒಂದು ಕಾಗದ ಹರಿದು ಎಡಮೂಲೆಯಲ್ಲಿ ಹುಡುಕಿದಳು. ಮೇಜಿನ ತುಂಬಾ ಹುಡುಕಿದಳು. ಎಲ್ಲೂ ಬಿಗಿಯಲಿಲ್ಲ. ಈಗ ಅಲ್ಲಿ ಟೂಲು ನೇರವಾಗೇ ಓಡುತ್ತೆ.

ಕಟ್ಟುಕತೆ ಅಂದುಕೊಂಡರೆ ಅಂದುಕೊಳ್ಳಿ. ಅಕ್ಕ ಸುಳ್ಳು ಹೇಳೋಳಲ್ಲ, ಮೈಕ್ರಾನ್ ಬಾಯಲ್ಲೂ ನಾನೇ ಕೇಳಿದ್ದೀನಿ. ಆವತ್ತು ಇಬ್ಬರೂ ಆ ಬಾಗಿಲ ಹಿಡಿಯನ್ನ ಮುಟ್ಟೋಕೆ ಮುಂಚೆ ಬಗ್ಗಿ ನೋಡಿದ್ದರು. ಹೊರಗಡೆ ಹಿಡಿಯ ಮೇಲೆ ಪಕ್ಕದ ಸಾಣೆ ಮೆಷಿನ್ನಿನ ಧೂಳು ಕೂತಿತ್ತು... ಒಂದು ಚೂರೂ ಕದಡಿರಲಿಲ್ಲ.