ಮುದ್ರೆ ಇಲ್ಲದ ಹಲಗೆ

...ಅದಕ್ಕೇ ಹೇಳಿದ್ದು, ಒಳಗೇ ಇರು ಅಂತ. ಈ ಬಾಲ್ಕನಿ ತುಂಬಾ ಮರದ ಪುಡಿ. ಕೈಗೆ ಕಟ್ಟಿರೋ ಆ ಬ್ಯಾಂಡೇಜಿನೊಳಗೆ ಹೋದರೆ ನಾಳೆ ಡಾಕ್ಟರು ಬೈಯೋದು ನನ್ನನ್ನ. ಸರಿ, ಬಂದಾಯ್ತಲ್ಲ, ಕೂತ್ಕೋ. ಸ್ಟೂಲ್ ಬೇಡ, ಕುರ್ಚಿ. ಕೈ ಕೆಳಗಿಳಿಸಬೇಡ. ಹಾಂ, ಹಾಗೆ.

ಟವೆಲಿನಲ್ಲಿ ಅದೇನು ಸುತ್ತಿ ತಂದಿದ್ದೀಯ? ಇರಲಿ. ಹೇಳಬೇಕು ಅನಿಸಿದಾಗ ಹೇಳು. ಆಸ್ಪತ್ರೆಯಿಂದ ಬಂದು ಹನ್ನೊಂದು ದಿನ ಆಯ್ತು, ನೀನು ಎಲ್ಲಿ ಮಾತಾಡಿದ್ದೀಯ, ಇವತ್ತು ಆಡೋಕೆ.

ಇದು ನಿನಗೇ. ತರಕಾರಿ ಹೆಚ್ಚೋಕೆ ಹೊಸ ಹಲಗೆ. ಯಾಕೆ ಆ ಕಡೆ ನೋಡ್ತೀಯ, ಇದೇನು ಕಚ್ಚುತ್ತಾ? ಅವತ್ತಿನ ಕುಂಬಳಕಾಯಿ ಅಲ್ಲ, ಕಲ್ಲು ಇಟ್ಟು ಹೆಚ್ಚಿದರೂ ಇದು ಎರಡಾಗಲ್ಲ. ಒಂದು ಕಪ್ಪು ಪಟ್ಟಿ, ಒಂದು ಬಿಳಿ ಪಟ್ಟಿ, ಒಟ್ಟು ಏಳು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಮರದ ರೋಮ ಏಳುತ್ತೆ ನೋಡು, ಮುಟ್ಟಿದರೆ ಹೊಸ ಗಡ್ಡದ ಥರ. ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಹೀಗೆ ಮೂರು ಸಲ ಮಾಡಿ, ಆಮೇಲೆ ಎಣ್ಣೆ ಕುಡಿಸೋದು. ಅವಸರ ಮಾಡೋ ಹಾಗಿಲ್ಲ. ಗೋಂದು ಹಚ್ಚಿ, ಕ್ಲ್ಯಾಂಪ್ ಬಿಗಿದು, ಒಂದು ಇಡೀ ದಿನ ಬಿಟ್ಟಿದ್ದೆ ಇದನ್ನ. ಗಡಿಯಾರ ನೋಡಿ.

ಯಾಕೆ ಹಾಗೆ ನೋಡ್ತೀಯ? ಯಾವಾಗಲೂ ಹಾಗೇ ಬಿಡೋದು ನಾನು.

ಬೆಳಿಗ್ಗೆ ನಿನ್ನ ತಂಗಿ ಫೋನ್ ಮಾಡಿದ್ದಳಲ್ಲ, ಅದಕ್ಕಾ ಈ ಮುಖ? ಕೇಳಿಸಿಕೊಂಡೆಯಾ? ನಾನು ಅಂದದ್ದು ಇಷ್ಟೇ. "ರಾತ್ರಿಯೆಲ್ಲ ಸಿಂಕಿನ ನೀರಲ್ಲಿ ನೆನೆಹಾಕಿದರೆ ಹಲಗೆ ಸಂದು ಬಿಡದೆ ಇನ್ನೇನಾಗುತ್ತಮ್ಮ, ನಿಮ್ಮಕ್ಕನಿಗೆ ಎಷ್ಟು ಸಲ ಹೇಳೋದು." ಅಷ್ಟೇ. ನೀನೇ ಒಪ್ಪಿಕೊಂಡ ಮಾತು ತಾನೆ? ಆಸ್ಪತ್ರೆಯಲ್ಲಿ, ಬೆರಳಿಗೆ ಹೊಲಿಗೆ ಹಾಕ್ತಿರುವಾಗ ಕೇಳಿದೆ. "ಇರಬಹುದು ರೀ, ನೆನಪಿಲ್ಲ" ಅಂದೆ.

ಗೊತ್ತು, ಅದು ಕೇಳೋ ಹೊತ್ತಲ್ಲ.

ನಿನ್ನ ಹೊಲಿಗೆ ಮೆಷಿನ್ ಮೇಲೆ ಆ ಹಳದಿ ಫ್ರಾಕು ಅರ್ಧಕ್ಕೇ ನಿಂತಿದೆ. ಹಾದುಹೋದಾಗೆಲ್ಲ ಕಣ್ಣಿಗೆ ಬೀಳುತ್ತೆ. ಬಟ್ಟೆ ಮುಚ್ಚೋಣ ಅಂದುಕೊಂಡೆ, ಮುಚ್ಚಲಿಲ್ಲ. ಆರು ವಾರ ಆಗಲಿ. ನರ ಕೂಡಿಕೊಂಡು ತೋರುಬೆರಳು ಮಡಚಿದರೆ... ಮಡಚುತ್ತೆ ಬಿಡು. ಡಾಕ್ಟರು ಇಲ್ಲ ಅಂತ ಹೇಳಿಲ್ಲವಲ್ಲ.

ನಗ್ತಿದ್ದೀಯಾ? ಓ, ಗರಗಸ ನೋಡಿ. ಹೌದು, ಏಣಿ ಕಾರ್ಖಾನೆಯಲ್ಲಿ ಅದೇ ನನ್ನ ಹೆಸರು. "ಗರಗಸ ಬಂತು, ಗರಗಸ ಬಂತು" ಅಂತ ಪಿಸುಗುಡೋರು. ಇಪ್ಪತ್ತೊಂಬತ್ತು ವರ್ಷ ಪರೀಕ್ಷೆ ಮಾಡಿದೆ. ಒಂದು ಮೆಟ್ಟಿಲು ಸಡಿಲ ಇದ್ದರೂ ಆ ಏಣಿಯನ್ನ ಅಲ್ಲೇ ನಡುವಿಗೆ ಕೊಯ್ದು ಹಾಕ್ತಿದ್ದೆ. ಮೂಲೆಗಿಡಿ ಸಾರ್ ಅನ್ನೋರು. ಇಡಬಾರದು. ಮೂಲೆಗಿಟ್ಟದ್ದನ್ನ ಯಾರೋ ಒಬ್ಬ ಮನೆಗೆ ಒಯ್ತಾನೆ. ಅವನ ಹೆಂಡತಿ ಹತ್ತುತ್ತಾಳೆ. ಹೊಸದಾಗಿ ಸೇರಿದೋರಿಗೆಲ್ಲ ನಾನು ಹೇಳ್ತಿದ್ದದ್ದೇ ಅದು... ಅವನ ಹೆಂಡತಿ ಹತ್ತುತ್ತಾಳೆ ಅಂತ.

...ಸಾಕಾಯ್ತು ಇವತ್ತಿಗೆ. ತೋಳು ನೋಯ್ತಿದೆ.

ಏನದು? ಟವೆಲ್ ಬಿಚ್ಚಬೇಡ, ಒಂದೇ ಕೈಲಿ... ಓ.

ಆ ಒಡೆದ ಹಲಗೆ. ಕಸದ ಬುಟ್ಟಿಗೆ ಹಾಕಿದ್ದೆನಲ್ಲ ಅದನ್ನ. ಕಾಗದದಲ್ಲಿ ಸುತ್ತಿ, ತಳಕ್ಕೆ. ಯಾವಾಗ ತೆಗೆದಿಟ್ಟುಕೊಂಡೆ? ಅವತ್ತೇನಾ? ಆ ಕೈಲಿ?

ಎರಡು ಹೋಳು. ಸರಿ, ನೋಡಿಯಾಯ್ತು. ಒಳಗಿಡು. ಯಾಕೆ ತಿರುಗಿಸ್ತೀಯ? ಹಿಂದುಗಡೆ ಏನಿರುತ್ತೆ, ಮರ. ಹೊಸದರ ಹಿಂಭಾಗ ಯಾಕೆ... ಹೂಂ, ಅದಕ್ಕೆ ನನ್ನ ಮುದ್ರೆ ಇದೆ. ನಿನ್ನೆ ಸಂದು ನೋಡಿ, ಕಬ್ಬಿಣ ಕಾಯಿಸಿ ಒತ್ತಿದ್ದು. ಕೆಳಗಿನ ಮನೆ ಮೇಷ್ಟ್ರ ಹಲಗೆಗೂ ಇದೆ. ನಿನ್ನ ತಂಗಿಯದಕ್ಕೂ ಇದೆ. ಈ ಮನೆಯಿಂದ ಹೊರಗೆ ಹೋದ ಪ್ರತಿಯೊಂದಕ್ಕೂ ಇದೆ. ನಾನು ಪಾಸ್ ಮಾಡಿದ್ದಕ್ಕೆಲ್ಲ ಇರುತ್ತೆ.

ಹಾಗೆ ಮೂಲೆ ಮೂಲೆ ತಡವಬೇಡ. ಮುದ್ರೆ ಇಲ್ಲ ಅದರಲ್ಲಿ.

ನಿನಗೆ ಮೊದಲೇ ಗೊತ್ತಿತ್ತಾ? ಏನಾದರೂ ಅನ್ನು ಮಾರಾಯ್ತಿ. ಬೈಯಾದರೂ ಬೈ.

...ಇರೋದು ನಾಲ್ಕೇ ಕ್ಲ್ಯಾಂಪು. ಮೇಷ್ಟ್ರಿಗೆ ಭಾನುವಾರ ಕೊಡ್ತೀನಿ ಅಂದುಬಿಟ್ಟಿದ್ದೆ. ಕೊಟ್ಟ ಮಾತು. ನಿನ್ನದನ್ನ ಒಂದೇ ಗಂಟೆಗೆ ಬಿಚ್ಚಿ ಅವರದನ್ನ ಬಿಗಿದೆ. ಮಾರನೇ ದಿನ ನೋಡಿದರೆ ನಡು ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕು. ಮರದ ಪುಡಿಗೆ ಗೋಂದು ಕಲಸಿ ತುಂಬಿದೆ. ಉಜ್ಜಿದೆ, ಎಣ್ಣೆ ಕುಡಿಸಿದೆ. ನನ್ನ ಕಣ್ಣಿಗೇ ಕಾಣದ ಹಾಗಾಯ್ತು. ಮುದ್ರೆ ಕಾಯಿಸಿ ಹಿಡ್ಕೊಂಡಿದ್ದೆ ಕಣೇ, ಒತ್ತೋಕೆ ಕೈ ಬರಲಿಲ್ಲ. ಗರಗಸ ಹಾಕೋಕೂ ಕೈ ಬರಲಿಲ್ಲ, ಅಷ್ಟು ಒಳ್ಳೆ ಮರ. ಮನೆಗೆ ತಾನೆ, ನಡೆಯುತ್ತೆ ಅಂದುಕೊಂಡೆ.

ಅಂದುಕೊಂಡು ನಿನ್ನ ಮುಂದೆ ಇಟ್ಟೆ. "ನಿನಗೆ ಅಂತಲೇ ಮಾಡಿದ್ದು" ಅಂದೆ. ನೀನು ಅದನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ದು ನೆನಪಿದೆ ನನಗೆ.

ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ. ನಾನು ಸಿಂಕಿನ ನೀರು ಅಂದೆ.

ಈಗ ಫೋನ್ ಯಾಕೆ? ಯಾರಿಗೆ ಮಾಡ್ತಿದ್ದೀಯ... ತಂಗಿಗಾ. ಇವತ್ತೇನಾ? ಸಂಜೆ ನಾನೇ... ರಿಂಗ್ ಆಗ್ತಿದೆ. ನೀನು ಮಾತಾಡಲ್ವಾ? ಕೊಡು. ಕೊಡು, ಕೈ ಕೆಳಗಿಳಿಸಬೇಡ.

ಹಲೋ. ಹೂಂ, ಭಾವನೇ. ಚೆನ್ನಾಗಿದ್ದಾಳೆ... ಇಲ್ಲ, ಇಲ್ಲೇ ಎದುರಿಗೆ ಕೂತಿದ್ದಾಳೆ. ಒಂದು ನಿಮಿಷ ಇದೆಯಾ ನಿನಗೆ? ಅಡುಗೆಮನೆಗೆ ಹೋಗು. ನಾನು ಕೊಟ್ಟ ಹಲಗೆ ತಗೋ. ತಿರುಗಿಸು. ಮೂಲೆಯಲ್ಲಿ ಸಣ್ಣದೊಂದು ಸುಟ್ಟ ಮುದ್ರೆ ಕಾಣಿಸ್ತಾ?

ಹಾಂ. ನಿಮ್ಮಕ್ಕನದರಲ್ಲಿ ಅದು ಇರಲಿಲ್ಲಮ್ಮ.